ಕಲಿಕಾ ಹಬ್ಬಕ್ಕೆ ಮುತ್ಯಾನ ಕೈಹಿಡಿದು

ಜಾತ್ರೆಗೆ ಹೋಗುವುದು ಹೇಗೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಿರಲಿ, ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಬಸವೇಶ್ವರ ಜಾತ್ರೆಯಿರಲಿ, ಹಿಂದಿನ ರಾತ್ರಿಯೇ ಮನೆಯಲ್ಲಿ ತಯಾರಿ ನಡೆಯುತ್ತದೆ. ರೊಟ್ಟಿಯ ಬುತ್ತಿ ಕಟ್ಟಬೇಕು, ಯಾವ ಅಂಗಡಿಯಲ್ಲಿ ಏನು ಕೊಳ್ಳಬೇಕೆಂದು ಮಾತಾಡಿಕೊಳ್ಳಬೇಕು, ಗದ್ದಲದಲ್ಲಿ ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕೆಂದು ಮಕ್ಕಳಿಗೆ ಹೇಳಿಡಬೇಕು. ಮರಳಿ ಬಂದ ಮೇಲೆ ತಂದ ಬೆಂಡು-ಬತ್ತಾಸನ್ನು ನೆರೆಮನೆಗೂ ಹಂಚಿದರೇನೇ ಜಾತ್ರೆ ಮುಗಿದಂತೆ.

ಆದರೆ ಶಾಲೆಯಲ್ಲಿ ‘ಕಲಿಕಾ ಹಬ್ಬ’ ಎಂದು ಮೊಮ್ಮಗು ಬಂದು ಹೇಳಿದಾಗ ನಾವೇನು ಮಾಡುತ್ತೇವೆ? ತಲೆ ಬಾಚಿ, ಒಗೆದ ಅಂಗಿ ಹಾಕಿ, “ಹೋಗಿ ಬಾ” ಎಂದು ಕಳಿಸಿ ಮನೆಯಲ್ಲೇ ಉಳಿಯುತ್ತೇವೆ. ಸಂಜೆ ಮಗು ಬಂದಾಗ “ಏನ್ ಕಲ್ತಿ?” ಎಂದು ಕೇಳುತ್ತೇವೆ. “ಏನಿಲ್ಲ” ಎಂದು ಮಗು ಆಡಲು ಓಡುತ್ತದೆ. ಅಲ್ಲಿಗೆ ಹಬ್ಬ ಮುಗಿಯಿತು.

ಹಾಗಾಗಬಾರದು. ಕಲಿಕಾ ಹಬ್ಬವೂ ಒಂದು ಜಾತ್ರೆಯೇ. ತಯಾರಿ ಮಾಡಿಕೊಂಡು ಹೋದವರಿಗೆ ಅಲ್ಲಿ ಸಿಗುವುದು ಹೆಚ್ಚು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳ ಅಜ್ಜ-ಅಜ್ಜಿಯರೂ ಮೊಮ್ಮಕ್ಕಳೂ ಈ ಲೇಖನವನ್ನು ಒಟ್ಟಿಗೆ ಕೂತು ಓದಲಿ. ಓದಲು ಬರುವವರು ಬಾರದವರಿಗೆ ಓದಿ ಹೇಳಲಿ.

ಏನಿದು ಈ ಹಬ್ಬ?

ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿ ಮಕ್ಕಳ ಓದು ಹಿಂದೆ ಬಿದ್ದಿತ್ತು. ಅದನ್ನು ಸರಿಪಡಿಸಲು ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ 2022-23ನೇ ವರ್ಷವನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ನಡೆಸಿದರು. ಆಗಲೇ ಸುತ್ತಲಿನ ಶಾಲೆಗಳನ್ನು ಸೇರಿಸಿದ ಕ್ಲಸ್ಟರ್ ಮಟ್ಟದಲ್ಲಿ ಕಲಿಕಾ ಹಬ್ಬಗಳಾದವು. ಊರ ಬೀದಿಯಲ್ಲಿ ಮೆರವಣಿಗೆ, ಮಕ್ಕಳ ತಲೆಗೆ ಬಣ್ಣದ ಕಾಗದದ ಟೊಪ್ಪಿಗೆ, ಶಾಲೆಯ ಅಂಗಳದಲ್ಲಿ ಬೇರೆಬೇರೆ ಮೂಲೆಗಳು. ಆಡು-ಹಾಡು, ಕಾಗದ-ಕತ್ತರಿ, ಮಾಡು-ಆಡು, ಊರು ತಿಳಿಯೋಣ ಎಂದು ಆ ಮೂಲೆಗಳಿಗೆ ಹೆಸರು. ಹೆಸರು ಕೇಳಿದರೇ ಗೊತ್ತಾಗುತ್ತದೆ, ಇದು ಬೆಂಚಿನ ಮೇಲೆ ಕೂತು ಕೇಳುವ ಪಾಠವಲ್ಲ, ಕೈ-ಕಾಲು ಆಡಿಸಿ ಕಲಿಯುವ ಪಾಠ.

2024-25ರಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗಾಗಿ ಮತ್ತೆ ಕಲಿಕಾ ಹಬ್ಬ ಬಂತು. ಅದರ ಗುರಿ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ. ಅಂದರೆ ಓದು, ಬರಹ, ಲೆಕ್ಕಗಳ ಅಡಿಪಾಯ ಗಟ್ಟಿ ಮಾಡುವುದು. ಗಟ್ಟಿ ಓದು, ಕಥೆ ಹೇಳುವುದು, ಕೈಬರಹ, ಸಂತೋಷದಾಯಕ ಗಣಿತ, ಜ್ಞಾಪಕ ಶಕ್ತಿ, ರಸಪ್ರಶ್ನೆ ಅದರಲ್ಲಿದ್ದವು. ಜೊತೆಗೆ ಇನ್ನೊಂದು ವಲಯವಿತ್ತು: ಪೋಷಕರು ಮತ್ತು ಮಕ್ಕಳ ಸಹಸಂಬಂಧ ವಲಯ. ಮಗುವಿನ ಜೊತೆಗೆ ಮನೆಯ ಹಿರಿಯರೂ ಬರಲಿ ಎಂದು ಶಾಲೆಯೇ ಕರೆದ ಹಾಗಾಯಿತು.

ಅಜ್ಜ-ಅಜ್ಜಿಯೇ ಏಕೆ?

ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಬೇಡ. ಸುಗ್ಗಿ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷ ಸುಗ್ಗಿಗೂ ಮೊದಲೇ, ತಂದೆ-ತಾಯಿ ಗುಳೆ ಹೋಗುತ್ತಾರೆ. ಕೆಲವರು ಕಬ್ಬು ಕಡಿಯಲು, ಕೆಲವರು ಕಟ್ಟಡದ ಕೆಲಸಕ್ಕೆ. ಗೋವಾ, ಮಹಾರಾಷ್ಟ್ರ, ಬೆಂಗಳೂರು ಹೀಗೆ ಒಬ್ಬೊಬ್ಬರದು ಒಂದೊಂದು ದಿಕ್ಕು. ಮಕ್ಕಳ ಓದು ತಪ್ಪಬಾರದೆಂದು ಅವರನ್ನು ಊರಲ್ಲೇ ಮುತ್ಯಾ-ಆಯಿಯ ಹತ್ತಿರ ಬಿಟ್ಟು ಹೋಗುತ್ತಾರೆ. ಆಗ ‘ಪೋಷಕರು ಬರಬೇಕು’ ಎಂದು ಶಾಲೆಯಿಂದ ಚೀಟಿ ಬಂದರೆ ಹೋಗಬೇಕಾದವರು ಯಾರು? ನೀವೇ.

“ನನಗೇನ್ ಬರ್ತದಪಾ ಓದು? ನಾ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ” ಎಂದು ಆಯಿ ಹಿಂದೆ ಸರಿಯುತ್ತಾಳೆ. ಬೇರೆ ಮಕ್ಕಳ ಅಪ್ಪ-ಅವ್ವ ಬಂದಿರುವಾಗ ತನ್ನ ಪಕ್ಕ ಯಾರೂ ಇಲ್ಲವೆಂದು ಮೊಮ್ಮಗ ಮೂಲೆ ಹಿಡಿಯುತ್ತಾನೆ. ಆ ಒಂದು ದಿನ ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಮಗುವಿನ ಧೈರ್ಯವೇ ಬೇರೆ. ಅಕ್ಷರ ಬಾರದಿದ್ದರೂ ಅಡ್ಡಿಯಿಲ್ಲ. ಕಲಿಕಾ ಹಬ್ಬದಲ್ಲಿ ಕೇಳುವ ಕಥೆ, ಹಾಡು, ಬಾಯಿಲೆಕ್ಕ, ಕೈಕೆಲಸ, ಊರಿನ ಸುದ್ದಿ ಇವೆಲ್ಲ ನಿಮ್ಮ ಹತ್ತಿರವೇ ಇರುವ ಗಂಟು. ಬಿಚ್ಚಿದರೆ ಸಾಕು.

ಹಿಂದಿನ ವಾರದ ತಯಾರಿ

ಮೊದಲು ಹಬ್ಬ ಎಲ್ಲಿ, ಯಾವಾಗ ಎಂದು ಮುಖ್ಯ ಗುರುಗಳನ್ನು ಕೇಳಿ ತಿಳಿದುಕೊಳ್ಳಿ. ಕ್ಲಸ್ಟರ್ ಮಟ್ಟದ ಹಬ್ಬ ನಿಮ್ಮ ಊರಲ್ಲೇ ಇರಬಹುದು, ಪಕ್ಕದ ಊರಲ್ಲೂ ಇರಬಹುದು. ಹೋಗಿ ಬರುವ ಗಾಡಿ ಯಾವುದು, ಊಟ ಅಲ್ಲಿಯೋ ಬುತ್ತಿಯೋ, ಹಿರಿಯರು ಎಷ್ಟು ಗಂಟೆಗೆ ಬರಬೇಕು ಎಂಬ ಮೂರು ಮಾತು ಕೇಳಿಕೊಂಡರೆ ಮುಕ್ಕಾಲು ಚಿಂತೆ ಹೋಯಿತು.

ಆಮೇಲೆ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಇಬ್ಬರೂ ಕೂತುಕೊಳ್ಳಿ. ಎಲ್ಲ ಮೂಲೆಗೂ ತಯಾರಾಗಲು ಹೋಗಬೇಡಿ. ಮಗುವಿಗೆ ಇಷ್ಟವಾದ ಎರಡನ್ನು ಆರಿಸಿಕೊಳ್ಳಿ. ಒಂದು ಅದಕ್ಕೆ ಚೆನ್ನಾಗಿ ಬರುವುದಾಗಿರಲಿ, ಇನ್ನೊಂದು ಅದಕ್ಕೆ ಹೆದರಿಕೆ ಹುಟ್ಟಿಸುವುದಾಗಿರಲಿ. ಓದು ಚೆನ್ನಾಗಿ ಬರುವ ಹುಡುಗಿ ಲೆಕ್ಕಕ್ಕೆ ಅಂಜಿದರೆ, ಲೆಕ್ಕದ ಮೂಲೆಗೂ ಒಮ್ಮೆ ಹೋಗಿ ಬರುವೆನೆಂದು ಮಾತು ಕೊಡಲಿ. ಹಬ್ಬದಲ್ಲಿ ತಪ್ಪಿದರೆ ಬೈಯುವವರಿಲ್ಲ. ಅಂಜಿಕೆ ಬಿಡಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮಕ್ಕಳೇ, ನಿಮಗೂ ಒಂದು ಕೆಲಸವಿದೆ. ಆಯಿಯನ್ನೋ ಮುತ್ಯಾನನ್ನೋ ಕರೆದುಕೊಂಡು ಹೋಗುವವರು ನೀವು. ಅವರನ್ನು ಗೇಟಿನಲ್ಲಿ ಬಿಟ್ಟು ಗೆಳೆಯರ ಹಿಂದೆ ಓಡಬೇಡಿ. ಗುರುಗಳ ಹತ್ತಿರ ಕರೆದುಕೊಂಡು ಹೋಗಿ “ಇವರು ನಮ್ಮ ಆಯಿ” ಎಂದು ಪರಿಚಯ ಮಾಡಿಸಿ. ನೆರಳಲ್ಲಿ ಕೂರಲು ಜಾಗ, ಕುಡಿಯುವ ನೀರು ಎಲ್ಲಿದೆಯೆಂದು ತೋರಿಸಿ. ಗೋಡೆಯ ಮೇಲಿನ ಫಲಕಗಳನ್ನು ಓದಿ ಹೇಳಿ. ಇದೇ ನಿಮ್ಮ ಮೊದಲ ‘ಗಟ್ಟಿ ಓದು’.

ಒಂದೊಂದು ಮೂಲೆಯಲ್ಲಿ ಏನು ಮಾಡಬಹುದು?

ಗಟ್ಟಿ ಓದು: ಮನೆಯಲ್ಲಿ ಮೊಮ್ಮಗು ಓದಲಿ, ನೀವು ಕೇಳಿ. ಅಕ್ಷರ ಗೊತ್ತಿಲ್ಲದಿದ್ದರೂ ಕಿವಿಗೆ ತಿಳಿಯುತ್ತದೆ. ಮಾತು ಅರ್ಥವಾಗದೆ ಹೋದರೆ “ತಡಿ, ಇನ್ನೊಮ್ಮೆ ಓದು” ಎನ್ನಿ. ಅರ್ಥವಾಗುವಂತೆ ಓದಬೇಕಾದರೆ ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಏರಿಸಬೇಕು ಎಂಬುದು ಮಗುವಿಗೆ ತಾನಾಗಿ ಬರುತ್ತದೆ. ಬಿಸ್ಕತ್ತಿನ ಪೊಟ್ಟಣ, ಬಸ್ಸಿನ ಬೋರ್ಡು, ಗೊಬ್ಬರದ ಚೀಲ ಇವೂ ಓದುವ ಪುಸ್ತಕಗಳೇ.

ಕಥೆ ಹೇಳುವುದು: ಪುಸ್ತಕದ ಕಥೆಯನ್ನು ಹತ್ತು ಮಕ್ಕಳು ಹೇಳುತ್ತಾರೆ. ನಿಮ್ಮ ಮನೆಯ ಕಥೆ ನಿಮ್ಮ ಮೊಮ್ಮಗುವಿಗೆ ಮಾತ್ರ ಗೊತ್ತು. ತಾಂಡಾದ ಮನೆಯಲ್ಲಿ ಆ ಕಥೆ ಲಂಬಾಣಿಯಲ್ಲಿರಬಹುದು, ಇನ್ನೊಂದು ಮನೆಯಲ್ಲಿ ಉರ್ದುವಿನಲ್ಲಿ, ಭೀಮಾ ದಂಡೆಯ ಊರಲ್ಲಿ ಮರಾಠಿಯಲ್ಲಿ. ಮನೆಮಾತಿನಲ್ಲಿ ಕೇಳಿ ಕನ್ನಡದಲ್ಲಿ ಹೇಳುವ ಮಗುವಿಗೆ ಎರಡು ಭಾಷೆಯ ಬಲ ಬರುತ್ತದೆ. ಒಂದು ಕಥೆಯನ್ನು ಮೂರು ರಾತ್ರಿ ಹೇಳಿ. ನಾಲ್ಕನೆಯ ರಾತ್ರಿ ಮಗು ನಿಮಗೆ ಹೇಳಲಿ. ಮರೆತ ಕಡೆ ನೀವು “ಹ್ಞೂಂ, ಮುಂದ?” ಎಂದರೆ ಸಾಕು, ಪೂರ್ತಿ ಹೇಳಿಕೊಡಬೇಡಿ.

ಸಂತೋಷದಾಯಕ ಗಣಿತ: ಗೇಣು, ಮೊಳ, ಮಾರು, ಪಾವು, ಸೇರು ಹಿರಿಯರ ನಾಲಿಗೆಯ ತುದಿಯಲ್ಲೇ ಇವೆ. ಎರಡು ಗೇಣಿಗೆ ಒಂದು ಮೊಳ. ಶಾಲೆಯ ಮೀಟರ್ ಪಟ್ಟಿ ತಂದು ಮುತ್ಯಾನ ಮೊಳ ಎಷ್ಟು ಸೆಂಟಿಮೀಟರ್, ಮೊಮ್ಮಗನ ಮೊಳ ಎಷ್ಟು ಎಂದು ಅಳೆದು ನೋಡಿ. ಇಬ್ಬರ ಮೊಳವೂ ಒಂದೇ ಅಲ್ಲ ಎಂದಾಗಲೇ ಮೀಟರ್ ಏಕೆ ಬಂತೆಂದು ಮಗುವಿಗೆ ತಿಳಿಯುತ್ತದೆ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ, ಅಂದರೆ 1,089 ಚದರಡಿ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಹಾಗಾದರೆ ಎಕರೆಗೆ ಎಷ್ಟು ಚದರಡಿ? ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಒಂದು ಗುಂಟೆ ತೋರಿಸಿದರೆ ಮಗು ಜನ್ಮದಲ್ಲಿ ಮರೆಯುವುದಿಲ್ಲ. ಇಂಡಿಯ ಕಡೆಯವರು ಲಿಂಬಿಯ ಲೆಕ್ಕ ಹಾಕಬಹುದು: ಸಾವಿರ ಕಾಯಿಯ ಚೀಲಕ್ಕೆ 1,500 ರೂಪಾಯಿ ಬಂದರೆ ಒಂದು ಕಾಯಿಗೆ ಎಷ್ಟು? ಅದೇ ಕಾಯನ್ನು ಸಂತೆಯಲ್ಲಿ ಐದು ರೂಪಾಯಿಗೆ ಎರಡರಂತೆ ಮಾರಿದರೆ?

ಮಳೆಯ ಲೆಕ್ಕವೂ ಗಣಿತವೇ. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ ಹೆಚ್ಚುಕಡಿಮೆ 13-14 ದಿನ. ರೋಹಿಣಿಯಿಂದ ಸ್ವಾತಿಯವರೆಗೆ ಮಳೆಗಳ ಹೆಸರನ್ನು ಸಾಲಾಗಿ ಹೇಳಿ. ಯರಿ ಹೊಲದಲ್ಲಿ ಬಿಳಿಜೋಳ ಬಿತ್ತುವುದು ಯಾವ ಮಳೆಗೆ ಎಂದು ಮಗು ಕೇಳಿ ಬರೆದುಕೊಳ್ಳಲಿ.

ಜ್ಞಾಪಕ ಶಕ್ತಿ: ಇದನ್ನು ಮನೆಯಲ್ಲೇ ಆಡಬಹುದು. ಪರಾತದಲ್ಲಿ ಹನ್ನೆರಡು ಸಾಮಾನು ಇಡಿ: ಗುಂಡಿ, ಕೀಲಿ, ಹುಣಸೆ ಬೀಜ, ಚಮಚೆ, ಬಳೆ, ಹೀಗೆ. ಒಂದು ನಿಮಿಷ ನೋಡಿ, ಮೇಲೆ ಟವೆಲ್ ಮುಚ್ಚಿ, ನೆನಪಿದ್ದುದನ್ನು ಹೇಳುವುದು. ಮುತ್ಯಾ, ಮೊಮ್ಮಗಳು ಇಬ್ಬರೂ ಆಡಿರಿ. ಯಾರು ಗೆಲ್ಲುತ್ತಾರೆಂದು ನಾವು ಹೇಳುವುದಿಲ್ಲ!

ಕಾಗದ-ಕತ್ತರಿ, ಮಾಡು-ಆಡು: ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈಗೆ ಇಲ್ಲಿ ಕೆಲಸವೇ ಕೆಲಸ. ಜೋಳದ ದಂಟಿನ ಬಂಡಿ, ಕಾಗದದ ಗಿರಗಿಟ್ಟಲೆ, ಕೌದಿಗೆ ಹಚ್ಚುವ ತುಂಡುಬಟ್ಟೆಯ ಚಿತ್ತಾರ ಇವುಗಳಲ್ಲಿ ಯಾವುದು ಬಂದರೂ ಗುರುಗಳಿಗೆ ಮೊದಲೇ ಹೇಳಿ. “ನಾ ಹುಡುಗರಿಗೆ ತೋರಿಸ್ತೀನ್ರೀ” ಎಂದು ಆಯಿ ಒಂದು ಮಾತು ಅಂದರೆ, ಆ ಮೂಲೆಯಲ್ಲಿ ಆಕೆಯೇ ಅರ್ಧ ಗಂಟೆಯ ಮೇಷ್ಟರು.

ಪೋಷಕರು-ಮಕ್ಕಳ ವಲಯ: ಇದಕ್ಕೆ ಬೇಕಾದ ತಯಾರಿ ಒಂದೇ, ಒಬ್ಬರನ್ನೊಬ್ಬರು ತಿಳಿದಿರುವುದು. ಮೊಮ್ಮಗಳ ಪಕ್ಕದಲ್ಲಿ ಕೂರುವ ಗೆಳತಿಯ ಹೆಸರೇನು? ಅವಳಿಗೆ ಯಾವ ಪಾಠ ಇಷ್ಟ? ಯಾವುದಕ್ಕೆ ಅಂಜುತ್ತಾಳೆ? ಮಕ್ಕಳೇ, ನಿಮಗೂ ಇದೇ ಪ್ರಶ್ನೆ. ಆಯಿಯ ತವರೂರು ಯಾವುದು? ಚಿಕ್ಕವಳಿದ್ದಾಗ ಆಕೆ ಆಡುತ್ತಿದ್ದ ಆಟ ಯಾವುದು? ಉತ್ತರ ಗೊತ್ತಿಲ್ಲದಿದ್ದರೆ ಇವತ್ತೇ ಕೇಳಿ.

ಊರು ತಿಳಿಯೋಣ

ಎಲ್ಲ ಮೂಲೆಗಳಲ್ಲಿ ಹಿರಿಯರ ಬೆಲೆ ಅತಿ ಹೆಚ್ಚಿರುವುದು ಇಲ್ಲಿ. ಊರಿನ ಸುದ್ದಿ ಎಲ್ಲವೂ ಪುಸ್ತಕದಲ್ಲಿ ಸಿಗುವುದಿಲ್ಲ, ಹಿರಿಯರ ಬಾಯಲ್ಲಿರುತ್ತದೆ. ಹೀಗೆ ಬಾಯಲ್ಲಿದ್ದುದನ್ನು ಬರೆದಿಟ್ಟವರ ದೊಡ್ಡ ಉದಾಹರಣೆ ನಮ್ಮಲ್ಲೇ ಇದೆ. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರ ಗುಂಪೊಂದಿತ್ತು. ‘ಹಲಸಂಗಿ ಗೆಳೆಯರು’ ಎಂದೇ ಅವರು ಹೆಸರಾದರು. ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡುತ್ತಿದ್ದ ಹಾಡುಗಳನ್ನು ಈ ಗೆಳೆಯರು ಸಂಗ್ರಹಿಸಿದರು. 1931ರಲ್ಲಿ ಅದು ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಬಂತು. ಶಾಲೆಯ ಕಟ್ಟೆ ಹತ್ತದ ಅವ್ವಂದಿರ ಹಾಡನ್ನು ಇಂದು ದೊಡ್ಡ ದೊಡ್ಡ ಕಾಲೇಜುಗಳಲ್ಲಿ ಓದುತ್ತಾರೆ. “ನನಗೇನ್ ಬರ್ತದ” ಎನ್ನುವ ಆಯಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ?

ಆದ್ದರಿಂದ ಮಕ್ಕಳೇ, ಹಬ್ಬಕ್ಕೆ ಮೊದಲು ನಿಮ್ಮ ಭಾಗಕ್ಕೆ ತಕ್ಕ ಒಂದು ಪ್ರಶ್ನೆ ಹಿಡಿದು ಹಿರಿಯರ ಹತ್ತಿರ ಕೂರಿ.

ಇಂಡಿಯ ಕಡೆಯವರು ಲಿಂಬಿಯ ಸುದ್ದಿ ಕೇಳಿ. ಇಂಡಿ ಲಿಂಬಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ನಿಮ್ಮ ಊರಲ್ಲಿ ಮೊದಲು ಲಿಂಬಿ ಗಿಡ ಹಚ್ಚಿದವರು ಯಾರು? ಬೇಸಿಗೆಯಲ್ಲಿ ಗಿಡಕ್ಕೆ ನೀರು ಎಲ್ಲಿಂದ ತರುತ್ತಿದ್ದರು?

ಸಿಂದಗಿಯ ಕಡೆಯವರು ಊರಿನ ಹಳೆಯ ಕಲ್ಲುಗಳನ್ನು ಹುಡುಕಿ. ಶಾಸನಗಳನ್ನು ಓದಿ ಕನ್ನಡಕ್ಕೆ ದೊಡ್ಡ ಸೇವೆ ಮಾಡಿದ ಡಾ. ಎಂ. ಎಂ. ಕಲಬುರ್ಗಿಯವರು 1938ರಲ್ಲಿ ಹುಟ್ಟಿದ್ದು ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ. ಗುಡಿಯ ಮುಂದೆ, ಹೊಲದ ಬದುವಿನಲ್ಲಿ ಅಕ್ಷರವಿರುವ ಕಲ್ಲು ಇದೆಯೇ? ಅದಕ್ಕೆ ಎಣ್ಣೆ, ಸುಣ್ಣ, ಬಣ್ಣ ಹಚ್ಚಬೇಡಿ. ಬೆಳಿಗ್ಗೆ ಇಲ್ಲವೆ ಸಂಜೆ ಓರೆ ಬಿಸಿಲು ಬಿದ್ದಾಗ ನೋಡಿದರೆ ಅಕ್ಷರ ಎದ್ದು ಕಾಣುತ್ತವೆ. ಆಗ ಒಂದು ಫೋಟೋ ತೆಗೆದು ಗುರುಗಳಿಗೆ ತೋರಿಸಿ.

ಮುದ್ದೇಬಿಹಾಳದ ಕಡೆಯವರಿಗೆ ಹೆಸರಿನ ಒಗಟು. 1565ರ ಕದನವನ್ನು ಕೆಲವು ಪುಸ್ತಕ ತಾಳಿಕೋಟೆ ಕದನವೆನ್ನುತ್ತವೆ, ಕೆಲವು ರಕ್ಕಸತಂಗಡಗಿ ಕದನವೆನ್ನುತ್ತವೆ. ಒಂದೇ ಕದನಕ್ಕೆ ಎರಡು ಹೆಸರೇಕೆ? ತಂಗಡಗಿ ಎಂಬ ಊರು ಕೃಷ್ಣೆಯ ದಂಡೆಯಲ್ಲಿ ಇಂದಿಗೂ ಇದೆ. ಬಸವಣ್ಣನವರ ಮಡದಿ ನೀಲಮ್ಮನವರ ಗುಡಿಯೂ ಅಲ್ಲಿದೆ. ನಕಾಶೆಯಲ್ಲಿ ತಾಳಿಕೋಟೆ, ತಂಗಡಗಿ ಎರಡನ್ನೂ ಗುರುತಿಸಿ, ನಡುವಿನ ದೂರ ಅಳೆಯಿರಿ.

ಬಸವನ ಬಾಗೇವಾಡಿ ಹನ್ನೆರಡನೆಯ ಶತಮಾನದ ಬಸವಣ್ಣನವರ ಊರೆಂದು ಎಲ್ಲರಿಗೂ ಗೊತ್ತು. ಆ ಕಡೆಯ ಮಕ್ಕಳು ಆಲಮಟ್ಟಿಯ ಸುದ್ದಿಯನ್ನೂ ಕೇಳಬೇಕು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಇಟ್ಟವರು ಲಾಲ್ ಬಹದ್ದೂರ್ ಶಾಸ್ತ್ರಿ. ಅದಕ್ಕೇ ಜಲಾಶಯಕ್ಕೆ ಅವರ ಹೆಸರು. ‘ಜಲಾಶಯದ ಮಟ್ಟ 519.60 ಮೀಟರ್’ ಎಂದು ಪೇಪರಿನಲ್ಲಿ ಓದಿರುತ್ತೀರಿ. ಅದು ಗೋಡೆಯ ಎತ್ತರವಲ್ಲ, ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ಎತ್ತರ. ಈ ನೀರಿನಲ್ಲಿ ಊರುಗಳೂ ಹೊಲಗಳೂ ಮುಳುಗಿದವು. ಮುಳುಗಡೆಯಾದ ಊರಿನಿಂದ ಬಂದ ಮುತ್ಯಾ ನಿಮ್ಮ ಮನೆಯಲ್ಲಿದ್ದರೆ, ಹಳೆಯ ಊರಿನ ನಕಾಶೆಯನ್ನು ಅವರ ಬಾಯಿಂದ ಕೇಳಿ ಬರೆಯಿರಿ: ಗುಡಿ ಎಲ್ಲಿತ್ತು, ಬಾವಿ ಎಲ್ಲಿತ್ತು, ನಮ್ಮ ಮನೆ ಯಾವ ಓಣಿಯಲ್ಲಿತ್ತು. ಆ ಊರನ್ನು ಕಣ್ಣಾರೆ ಕಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನೀವು ಬರೆದ ಹಾಳೆಯೇ ಮುಂದೆ ಆ ಊರಿನ ಗುರುತಾಗಬಹುದು.

ಬಹುಮಾನ ಬಂದರೆ, ಬಾರದಿದ್ದರೆ

ಹಬ್ಬದಲ್ಲಿ ಸ್ಪರ್ಧೆಯೂ ಇರುತ್ತದೆ, ಬಹುಮಾನವೂ ಇರುತ್ತದೆ. ಎಲ್ಲರಿಗೂ ಬಹುಮಾನ ಬರುವುದಿಲ್ಲ. ಅಜ್ಜ-ಅಜ್ಜಿಯರೇ, ಮರಳುವ ದಾರಿಯಲ್ಲಿ ‘ನಿನಗ್ಯಾಕ ಬರಲಿಲ್ಲ?’ ಎಂಬ ಮಾತು ನಿಮ್ಮ ಬಾಯಲ್ಲಿ ಬರದಿರಲಿ. ಪಕ್ಕದ ಮನೆಯ ಹುಡುಗನ ಹೆಸರೂ ಬರದಿರಲಿ. ಮಗು ಏನು ಮಾಡಿತೋ ಅದನ್ನು ಹೆಸರಿಟ್ಟು ಹೇಳಿ: “ನಡುವ ಮರೆತರೂ ನಿಲ್ಲಿಸಲಿಲ್ಲ, ಕಥಿ ಪೂರ್ತಿ ಹೇಳಿದಿ.” ಈ ಒಂದು ಮಾತನ್ನು ಮಗು ಬಹಳ ದಿನ ನೆನಪಿಡುತ್ತದೆ.

“ಏನ್ ಕಲ್ತಿ?” ಎಂಬ ಪ್ರಶ್ನೆಗೆ ಮಕ್ಕಳಿಗೆ ಉತ್ತರ ತೋಚುವುದಿಲ್ಲ. ಅದರ ಬದಲು “ಯಾವುದರಾಗ ನಗು ಬಂತು?”, “ಯಾವುದು ಕಷ್ಟ ಆತು?”, “ಬ್ಯಾರೆ ಊರಿನ ಗೆಳ್ಯಾ ಯಾರಾದರೂ ಸಿಕ್ಕರೇನು?” ಎಂದು ಕೇಳಿ. ಮಾತು ತಾನಾಗಿ ಹರಿಯುತ್ತದೆ.

ಹಬ್ಬದ ಮರುದಿನ

ಅಮೆರಿಕದಂಥ ದೇಶಗಳಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಕುಟುಂಬಗಳಿವೆ. ಜಾನ್ ಹೋಲ್ಟ್ ಎಂಬ ಶಿಕ್ಷಕರು ಅಂಥವರಿಗಾಗಿ 1977ರಲ್ಲಿ ಒಂದು ಪತ್ರಿಕೆಯನ್ನೇ ಶುರು ಮಾಡಿದ್ದರು. ಈ ಕುಟುಂಬಗಳು ಆಗಾಗ ಒಂದೆಡೆ ಸೇರಿ ದೊಡ್ಡ ಸಮಾವೇಶ ನಡೆಸುತ್ತವೆ. ಅಲ್ಲಿ ಭಾಷಣಗಳು, ಸಾಲು ಸಾಲು ಪುಸ್ತಕದಂಗಡಿಗಳು. ಎಲ್ಲವನ್ನೂ ನೋಡಲು ಹೋದರೆ ತಲೆ ತಿರುಗುವುದಷ್ಟೇ ಲಾಭ. ನಾಲ್ಕು ವಿಷಯ ಆರಿಸಿಕೊಂಡು ಹೋಗಿ, ಮನೆಗೆ ಬಂದು ಒಂದನ್ನಾದರೂ ಮಾಡಿ ನೋಡಿದವರಿಗೇ ಹೋದದ್ದು ಸಾರ್ಥಕ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯ ಓದು ಹಕ್ಕಾಗಿದೆ. ಆ ಹಕ್ಕನ್ನು ಬಿಡುವುದು ಬೇಡ. ಶಾಲೆ ಬಿಟ್ಟ ಮೇಲಿನ ಸಂಜೆಯ ಪಾಠಶಾಲೆ ಮಾತ್ರ ನಮ್ಮ ಮನೆಯೇ.

ಹಬ್ಬದಿಂದ ತಂದುದನ್ನು ಒಂದು ವಾರ ಬಳಸಿ. ಮೊದಲ ಸಂಜೆ ಮಗು ಅಲ್ಲಿ ಕಲಿತ ಹಾಡು ಮನೆಮಂದಿಗೆ ಹೇಳಲಿ. ಎರಡನೆಯ ಸಂಜೆ ಅಲ್ಲಿ ಮಾಡಿದ ಕಾಗದದ ಗೊಂಬೆಯನ್ನು ಓಣಿಯ ಚಿಕ್ಕ ಮಕ್ಕಳಿಗೆ ಕಲಿಸಲಿ. ಮೂರನೆಯ ಸಂಜೆ ಬೇರೆ ಮಕ್ಕಳಿಂದ ಕೇಳಿದ ಕಥೆ. ನಾಲ್ಕನೆಯ ಸಂಜೆ ಊರಿನ ನಕಾಶೆಯಲ್ಲಿ ಉಳಿದದ್ದನ್ನು ತುಂಬುವುದು. ಐದನೆಯ ಸಂಜೆ, ದೂರದ ಊರಲ್ಲಿ ಕೆಲಸ ಮುಗಿಸಿ ಬಂದು ಕೂತ ಅಪ್ಪ-ಅವ್ವನಿಗೆ ಫೋನು. ‘ಹುಷಾರಿದ್ದೀಯಾ, ಉಂಡೆಯಾ’ ಎಂಬಲ್ಲಿಗೆ ಮಾತು ಮುಗಿಸಬೇಡಿ. ವಿಡಿಯೊದಲ್ಲಿ ಗೊಂಬೆ ತೋರಿಸಿ, ಆಯಿಯ ಕಥೆಯನ್ನು ಹೇಳಿ ಕೇಳಿಸಿ. ಮಗಳು ಓದುತ್ತಿದ್ದಾಳೆಂದು ತಿಳಿದರೆ ಅವರಿಗೆ ಅಂದಿನ ದಣಿವು ಅಷ್ಟಾದರೂ ಕಡಿಮೆಯಾಗುತ್ತದೆ.

ಈ ವರ್ಷ ನಿಮ್ಮ ಊರಲ್ಲಿ ಹಬ್ಬವಿಲ್ಲವೇ? ಗುಡಿಯ ಕಟ್ಟೆ ಇದೆಯಲ್ಲ. ಭಾನುವಾರ ಸಂಜೆ ಹತ್ತು ಮಕ್ಕಳು, ನಾಲ್ವರು ಹಿರಿಯರು ಸೇರಿ. ಒಂದು ಮೂಲೆಯಲ್ಲಿ ಕಥೆ, ಒಂದು ಮೂಲೆಯಲ್ಲಿ ಕಾಗದ, ಒಂದು ಮೂಲೆಯಲ್ಲಿ ಚೌಕಾಬಾರ. ಗುರುಗಳನ್ನೂ ಕರೆಯಿರಿ, ಅವರೂ ಸಂತೋಷದಿಂದ ಬಂದಾರು.

ಹಬ್ಬದ ಚೀಲದಲ್ಲಿ ಏನೇನಿರಲಿ?

• ಒಂದು ನೋಟುಪುಸ್ತಕ, ಎರಡು ಪೆನ್ಸಿಲ್ (ಒಂದು ಗೆಳೆಯನಿಗೆ).
• ನೀರಿನ ಬಾಟಲಿ, ರೊಟ್ಟಿ, ಶೇಂಗಾ ಚಟ್ನಿ. ಆಯಿಯ ಗುಳಿಗೆ ಮತ್ತು ಕನ್ನಡಕ ಮರೆಯಬೇಡಿ.
• ಮನೆಯ ಒಂದು ಹಳೆಯ ವಸ್ತು: ಪಾವು, ಹಳೆಯ ನಾಣ್ಯ, ಕೌದಿಯ ತುಂಡು. ಅದರ ಸುದ್ದಿ ಬಾಯಲ್ಲಿರಲಿ.
• ಗುರುಗಳಿಗೆ ಕೇಳಬೇಕಾದ ಒಂದು ಪ್ರಶ್ನೆ.
• ಊರು ಮತ್ತು ಮನೆಯವರ ಫೋನ್ ನಂಬರ್ ಬರೆದ ಚೀಟಿ, ಅಂಗಿಯ ಕಿಸೆಯಲ್ಲಿ.
• ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕೆಂಬ ಮಾತು, ಜಾತ್ರೆಗೆ ಹೋಗುವಾಗ ಹೇಳುವ ಹಾಗೆಯೇ.